ಬೋಟಿನವರ ಆಯಿಲ್ ಶಿಸ್ತು ನಮ್ಮ ತೋಟಕ್ಕೂ ಬರಲಿ

ನಮ್ಮ ಬಿ.ಸಿ.ರೋಡ್ ಸುತ್ತಮುತ್ತ ನಾಲ್ಕೈದು ಎಕ್ರೆ ಅಡಿಕೆ ತೋಟ ಇರುವ ಮನೆಯ ಶೆಡ್ಡಿಗೆ ಹೋಗಿ ನೋಡಿ. ಮದ್ದು ಬಿಡುವ ಎಚ್‌ಟಿಪಿ ಪಂಪು ಒಂದು, ಹುಲ್ಲು ಕೊಚ್ಚುವ ಮಿಶನ್ ಒಂದೋ ಎರಡೋ, ಗದ್ದೆ ಉಳಿಸಿಕೊಂಡವರಲ್ಲಿ ಟಿಲ್ಲರ್, ಹೊಳೆ ಬದಿಯ ಕೆಲವರಲ್ಲಿ ಹಳೆಯ ಡೀಸೆಲ್ ಪಂಪು. ಮೂವತ್ತು ವರ್ಷದ ಹಿಂದೆ ಕತ್ತಿ, ಹಾರೆ, ಗಟೋರ್ ಪಂಪು ಇದ್ದ ಜಾಗದಲ್ಲಿ ಈಗ ಮೂರು–ನಾಲ್ಕು ಎಂಜಿನ್ ಕೂತಿವೆ. ಆಳು ಸಿಗುವುದಿಲ್ಲ, ಹಾಗಾಗಿ ತಪ್ಪೇನೂ ಇಲ್ಲ.

ಆದರೆ ಒಂದು ಪ್ರಶ್ನೆ ಕೇಳಿ ನೋಡಿ. ಬೋರ್ಡೋಗೆ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು ಎಂದರೆ ಕಣ್ಣು ಮುಚ್ಚಿ ಹೇಳುತ್ತೇವೆ. ಬುಡಕ್ಕೆ ಗೊಬ್ಬರ ಹಾಕಿದ ತಿಂಗಳು ನೆನಪಿರುತ್ತದೆ. ಟಿಲ್ಲರಿಗೆ ಆಯಿಲ್ ಬದಲಿಸಿದ್ದು ಯಾವಾಗ ಎಂದರೆ ಉತ್ತರ ಒಂದೇ: "ಆಯಿಲ್ ಉಂಟು ಮಾರಾಯ್ರೆ, ಮೊನ್ನೆ ಸ್ವಲ್ಪ ಹಾಕಿದ್ದೇನೆ." ಹಾಕಿದ್ದು ಬೇರೆ, ಬದಲಿಸಿದ್ದು ಬೇರೆ. ಈ ವಾರ ನಾನು ಹೇಳಬೇಕೆಂದಿರುವುದು ಇಷ್ಟೇ: ಆಯಿಲ್ ಬದಲಿಸುವುದು ಮೆಕ್ಯಾನಿಕ್ಕಿನ ಕೆಲಸ ಅಲ್ಲ, ಕೃಷಿ ಕೆಲಸ. ಮದ್ದು ಬಿಡುವುದಕ್ಕೆ ಇರುವ ಹಾಗೆ ಅದಕ್ಕೂ ದಿನ ನಿಗದಿ ಆಗಬೇಕು. ತೆಗೆದ ಹಳೆ ಆಯಿಲ್ ಎಲ್ಲಿಗೆ ಹೋಗುತ್ತದೆ ಎನ್ನುವ ಲೆಕ್ಕವೂ ನಮ್ಮ ಹತ್ತಿರವೇ ಇರಬೇಕು.

ದಕ್ಕೆಯಲ್ಲಿ ಜೂನ್ ತಿಂಗಳು ಹೇಗಿರುತ್ತದೆ?

ಇದನ್ನು ನಮಗೆ ಕಲಿಸಲು ದೂರದವರು ಬೇಡ. ಬಿ.ಸಿ.ರೋಡಿನಿಂದ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಮಂಗಳೂರು ದಕ್ಕೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬೋಟು ಸುಮ್ಮನೆ ಕೂತಿರುವುದಿಲ್ಲ. ಬಲೆ ರಿಪೇರಿ, ಮರದ ಕೆಲಸ, ಬಣ್ಣ, ಅದರ ಜತೆಗೆ ಎಂಜಿನ್ ಮತ್ತು ಗೇರ್ ಬಾಕ್ಸ್ ಕೆಲಸ ನಡೆಯುತ್ತದೆ.

ಅವರಿಗೆ ಈ ಶಿಸ್ತು ಬಂದದ್ದು ಪುಸ್ತಕ ಓದಿ ಅಲ್ಲ. ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟು ಎಂಟು–ಹತ್ತು ದಿನ ಹೊರಗೇ ಇರುತ್ತದೆ. ಅಲ್ಲಿ ಎಂಜಿನ್ ಜಾಮ್ ಆದರೆ ತಂಡೇಲ ಫೋನ್ ಮಾಡಿ ಮೆಕ್ಯಾನಿಕ್ಕನ್ನು ಕರೆಸುವ ಹಾಗಿಲ್ಲ. ಇನ್ನೊಂದು ಬೋಟು ಬಂದು ಎಳೆದುಕೊಂಡು ಹೋಗಬೇಕು. ಗಾಳಿ ಮಳೆ ಇದ್ದರೆ ಜೀವಕ್ಕೇ ಅಪಾಯ. ಹಾಗಾಗಿ ಬೋಟಿನ ಎಂಜಿನಿಗೆ ಆಯಿಲ್ ಲೆಕ್ಕ ಎಂದರೆ ಗಂಟೆ ಲೆಕ್ಕ. ಇಷ್ಟು ಗಂಟೆ ಓಡಿತು, ಆಯಿಲ್ ತೆಗೆ, ಫಿಲ್ಟರ್ ಬದಲಿಸು, ಅಷ್ಟೇ. ಗೇರ್ ಬಾಕ್ಸಿಗೆ ಬೇರೆಯೇ ಲೆಕ್ಕ. ಹಲವು ಬೋಟುಗಳಲ್ಲಿ ಗೇರ್ ಬಾಕ್ಸಿನ ಆಯಿಲನ್ನು ಕೂಲರಿನ ಮೂಲಕ ಸಮುದ್ರದ ನೀರಿನಿಂದ ತಣಿಸುತ್ತಾರೆ. ಕೂಲರಿನ ಕೊಳವೆ ತೂತಾದರೆ ಉಪ್ಪು ನೀರು ಆಯಿಲಿಗೆ ಸೇರಿ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಆ ಬಣ್ಣ ಕಂಡ ಮೇಲೂ ಬೋಟು ಬಿಡುವವರು ಯಾರೂ ಇಲ್ಲ.

ನಮ್ಮದೂ ಅಂಥದ್ದೇ ಪರಿಸ್ಥಿತಿ, ನಾವು ಹಾಗೆ ಯೋಚಿಸಿಲ್ಲ ಅಷ್ಟೆ. ಜುಲೈಯಲ್ಲಿ ಎರಡನೇ ಮದ್ದಿನ ಹೊತ್ತು. ಮೊದಲನೆಯದು ಬಿಟ್ಟು 40–45 ದಿನ ಆಗಿದೆ. ಹತ್ತು ದಿನ ಬಿಡದೆ ಸುರಿದ ಮಳೆ ಒಂದೂವರೆ ದಿನ ಹೊಳವಾಗಿದೆ. ದೋಟಿಯಲ್ಲಿ ಮದ್ದು ಬಿಡುವ ತಂಡ ಹೇಗೋ ನಿಮಗೆ ಒಂದು ದಿನ ಕೊಟ್ಟಿದೆ. ಬೆಳಿಗ್ಗೆ ಎಂಟಕ್ಕೆ ಪಂಪು ಕಟಕಟ ಶಬ್ದ ಮಾಡಿ ನಿಂತರೆ? ತಂಡ ಮುಂದಿನ ತೋಟಕ್ಕೆ ಹೋಗುತ್ತದೆ, ಸಂಜೆಗೆ ಮಳೆ ಬರುತ್ತದೆ, ಕೊಳೆರೋಗ ಯಾರನ್ನೂ ಕಾಯುವುದಿಲ್ಲ. ಆ ದಿನ ಹೋದದ್ದು ಪಂಪಿನ ರಿಪೇರಿ ಖರ್ಚು ಮಾತ್ರ ಅಲ್ಲ, ವರ್ಷದ ಫಸಲಿನ ಒಂದು ಪಾಲು. ನಮ್ಮ ನಡುಕಡಲು ಅದೇ.

ಆಯಿಲ್ ಹಾಳಾಗುವುದು ಹೇಗೆ?

"ಆಯಿಲ್ ಕಪ್ಪಾಗಿದೆ, ಬದಲಿಸಬೇಕು" ಅಥವಾ "ಇನ್ನೂ ಕಪ್ಪಾಗಿಲ್ಲ, ಇರಲಿ" – ಎರಡೂ ತಪ್ಪು ಲೆಕ್ಕ. ಡೀಸೆಲ್ ಎಂಜಿನಿಗೆ ಹೊಸ ಆಯಿಲ್ ಹಾಕಿದರೂ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿದುಕೊಂಡು ತೇಲಿಸುವ ರಾಸಾಯನಿಕ ಅದರಲ್ಲಿ ಇರುತ್ತದೆ. ಕಪ್ಪಾಗಿದೆ ಎಂದರೆ ಆಯಿಲ್ ತನ್ನ ಕೆಲಸ ಮಾಡುತ್ತಿದೆ ಎಂದು ಅರ್ಥ. ಆ ಹಿಡಿದುಕೊಳ್ಳುವ ಶಕ್ತಿಗೆ ಒಂದು ಮಿತಿ ಇದೆ. ಮಿತಿ ದಾಟಿದ್ದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಬಣ್ಣ ನೋಡಬೇಡಿ, ಗಂಟೆ ನೋಡಿ ಎನ್ನುವುದು.

ಎರಡನೆಯದು ಆಮ್ಲ. ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ತಟಸ್ಥ ಮಾಡಲು ಆಯಿಲಿನಲ್ಲಿ ಕ್ಷಾರ ಗುಣದ ಸೇರ್ಪಡೆ ಇರುತ್ತದೆ. ಹುಳಿ ಮಣ್ಣಿಗೆ ನಾವು ಸುಣ್ಣ ಕೊಟ್ಟ ಹಾಗೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಸಿಗುವ ಬಿಎಸ್-6 ಡೀಸೆಲಿನಲ್ಲಿ ಗಂಧಕ ಬಹಳ ಕಡಿಮೆ, 10 ಪಿಪಿಎಂ. ಅದರಿಂದ ಆಮ್ಲದ ಕಾಟ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ.

ಮೂರನೆಯದು ನೀರು. ಇದು ನಮ್ಮ ಊರಿನವರು ಗಮನ ಕೊಡಬೇಕಾದ ವಿಷಯ. ನಮ್ಮದು ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯ ಜಿಲ್ಲೆ. ಎಂಜಿನನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಒಳಗಿನ ತೇವ ಆರುವಷ್ಟು ಬಿಸಿ ಆಗುವುದೇ ಇಲ್ಲ. ತೇವ ಆಯಿಲಿನಲ್ಲೇ ಉಳಿಯುತ್ತದೆ. "ನಮ್ಮದು ವರ್ಷಕ್ಕೆ ಮೂವತ್ತು ಗಂಟೆಯೂ ಓಡುವುದಿಲ್ಲ" ಎನ್ನುವವರ ಎಂಜಿನಿಗೆ ಅಪಾಯ ಕಡಿಮೆ ಅಂದುಕೊಳ್ಳಬೇಡಿ. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಬದಲಿಸಬೇಕಾದ್ದು ಇಡುವ ಮೊದಲು

ಬೋಟಿನ ಎಂಜಿನ್ ನೋಡಿಕೊಳ್ಳುವವರ ಒಂದು ಹಳೆಯ ನಿಯಮ ನಮಗೆ ತುಂಬಾ ಉಪಕಾರಿ: ಎಂಜಿನ್ ಎರಡು ತಿಂಗಳು ಸುಮ್ಮನಿರುತ್ತದೆ ಎಂದಾದರೆ ಆಯಿಲನ್ನು ನಿಲ್ಲಿಸುವಾಗಲೇ ಬದಲಿಸಬೇಕು. ಮತ್ತೆ ಸ್ಟಾರ್ಟ್ ಮಾಡುವಾಗ ನೋಡುವಾ ಎಂದು ಬಿಟ್ಟರೆ ಹಳೆ ಆಯಿಲಿನ ಆಮ್ಲ ಮತ್ತು ತೇವ ಅಷ್ಟೂ ದಿನ ಬೇರಿಂಗನ್ನು ತಿನ್ನುತ್ತಾ ಕೂತಿರುತ್ತದೆ.

ನಾವು ಮಾಡುವುದು ಉಲ್ಟಾ. ಆಗಸ್ಟ್ ಕೊನೆಗೆ ಮದ್ದು ಮುಗಿಯಿತು ಎಂದು ಪಂಪನ್ನು ಶೆಡ್ಡಿನ ಮೂಲೆಗೆ ದೂಡಿದರೆ ಮೇ ತಿಂಗಳವರೆಗೆ ಅದರ ನೆನಪು ಇಲ್ಲ. ಒಂಬತ್ತು ತಿಂಗಳು ಹಳೆ ಆಯಿಲಿನಲ್ಲಿ ಕೂತ ಪಂಪು ಮೇಯಲ್ಲಿ ಸ್ಟಾರ್ಟ್ ಆಗಬೇಕು. ಆಗದಿದ್ದರೆ ಬೈಗುಳ ಕಂಪೆನಿಗೆ.

ಹಾಗಾಗಿ ನನ್ನ ಸಲಹೆ: ಕೊನೆಯ ಮದ್ದು ಮುಗಿದ ವಾರವೇ ಆಯಿಲ್ ಬದಲಿಸಿ ಇಡಿ. ಅದಕ್ಕೂ ಮೊದಲು ಹತ್ತು ನಿಮಿಷ ಬರೀ ನೀರು ಬಿಟ್ಟು ಪಂಪು, ಪೈಪು, ಗನ್ನು ತೊಳೆಯಿರಿ. ಬೋರ್ಡೋ ದ್ರಾವಣ ಲೋಹಕ್ಕೆ ಒಳ್ಳೆಯದಲ್ಲ. ಟಿಲ್ಲರಾದರೆ ಗದ್ದೆ ಕೆಲಸ ಮುಗಿದ ವಾರ, ಡೀಸೆಲ್ ಪಂಪಾದರೆ ಮಳೆ ಹಿಡಿದು ನೀರು ಬಿಡುವುದು ನಿಂತ ವಾರ. ಫೋನಿನ ಕ್ಯಾಲೆಂಡರಿನಲ್ಲಿ ಈಗಲೇ ಒತ್ತಿ ಇಡಿ.

ಯಾವ ಮಿಶನಿಗೆ ಏನು?

ಮೊದಲು ಡಬ್ಬಿ ಓದಲು ಕಲಿಯುವ. ಎಸ್‌ಎಇ ಎಂದು ಬರೆದ ಸಂಖ್ಯೆ ಆಯಿಲಿನ ದಪ್ಪ ಹೇಳುತ್ತದೆ. ಎಪಿಐ ಎಂದು ಬರೆದ ಅಕ್ಷರ ಯಾವ ಎಂಜಿನಿಗೆ ಎಂದು ಹೇಳುತ್ತದೆ. 'ಸಿ'ಯಿಂದ ಶುರುವಾದರೆ (ಸಿಎಫ್-4, ಸಿಎಚ್-4, ಸಿಐ-4) ಡೀಸೆಲಿಗೆ. 'ಎಸ್'ನಿಂದ ಶುರುವಾದರೆ (ಎಸ್‌ಎಲ್, ಎಸ್‌ಎನ್) ಪೆಟ್ರೋಲಿಗೆ. 'ಜಿಎಲ್' ಇದ್ದರೆ ಗೇರಿಗೆ. ಗೇರ್ ಆಯಿಲಿನ 90 ಎಂಬ ಸಂಖ್ಯೆ ನೋಡಿ ಅದು ಎಂಜಿನ್ ಆಯಿಲ್ 40ಕ್ಕಿಂತ ಎರಡು ಪಟ್ಟು ದಪ್ಪ ಎಂದು ತಿಳಿಯಬೇಡಿ. ಎರಡರ ಅಳತೆಯೇ ಬೇರೆ, ದಪ್ಪದಲ್ಲಿ ಹೆಚ್ಚುಕಡಿಮೆ ಹತ್ತಿರ ಹತ್ತಿರವೇ ಇವೆ.

*ಹುಲ್ಲು ಕೊಚ್ಚುವ ಮಿಶನ್:* ನಿಮ್ಮದು 2 ಸ್ಟ್ರೋಕೋ 4 ಸ್ಟ್ರೋಕೋ, ಅದನ್ನು ತಿಳಿದುಕೊಳ್ಳಿ. 2 ಸ್ಟ್ರೋಕಿಗೆ ಪೆಟ್ರೋಲಿನಲ್ಲೇ 2ಟಿ ಆಯಿಲ್ ಬೆರೆಸಬೇಕು. 50:1 ಎಂದರೆ ಲೀಟರಿಗೆ 20 ಮಿ.ಲೀ., 25:1 ಎಂದರೆ 40 ಮಿ.ಲೀ. ಕಣ್ಣಂದಾಜು ಬೇಡ, ಔಷಧಿ ಅಂಗಡಿಯ ಸಿರಿಂಜು ಸಾಕು. ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. 4 ಸ್ಟ್ರೋಕ್ ಆದರೆ ಆಯಿಲ್ ಬೇರೆಯೇ ಹಾಕಬೇಕು. ಈ ಭಾಗದಲ್ಲಿ ಹೆಚ್ಚು ಕಾಣುವ ಹೋಂಡಾ ಜಿಎಕ್ಸ್ 35 ಎಂಜಿನಿಗೆ ಬೇಕಾದದ್ದು 100 ಮಿ.ಲೀ. ಮಾತ್ರ. ಹೊಸತರಲ್ಲಿ 10 ಗಂಟೆಗೆ ಮೊದಲ ಬದಲಾವಣೆ, ಮತ್ತೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ. ದಿನಕ್ಕೆ ಐದು ಗಂಟೆ ಕೊಚ್ಚಿದರೆ 50 ಗಂಟೆ ಎಂದರೆ ಹತ್ತೇ ದಿನ. ಬಾಡಿಗೆಗೆ ಕೊಚ್ಚುವ ಹುಡುಗರು ಇದನ್ನು ಬರೆದಿಟ್ಟುಕೊಳ್ಳಬೇಕು. ಬ್ಲೇಡಿನ ಹತ್ತಿರದ ಗೇರಿಗೆ ಗ್ರೀಸ್ ಮರೆಯಬೇಡಿ.

*ಎಚ್‌ಟಿಪಿ ಪಂಪು:* ಇಲ್ಲಿ ಎರಡು ಕಡೆ ಆಯಿಲ್ ಉಂಟು. ಎಂಜಿನಿನಲ್ಲಿ ಒಂದು, ಪಂಪಿನ ಒಳಗೆ ಒಂದು. ಎಂಜಿನಿಗೆ ಹಾಕುವವರು ಪಂಪಿನದ್ದನ್ನು ಮರೆಯುತ್ತಾರೆ. ಜಿಎಕ್ಸ್ 160 ಥರದ ಎಂಜಿನಿಗೆ ಸುಮಾರು 600 ಮಿ.ಲೀ. ಬೇಕು, ಮೊದಲು 20 ಗಂಟೆಗೆ, ಮತ್ತೆ 100 ಗಂಟೆಗೆ ಅಥವಾ ಆರು ತಿಂಗಳಿಗೆ. ಪಂಪಿನ ಆಯಿಲನ್ನು ಗಾಜಿನ ಕಿಂಡಿಯಲ್ಲಿ ದಿನಾ ಬೆಳಿಗ್ಗೆ ನೋಡಿ. ಬೆಳ್ಳಗೆ ಹಾಲಿನ ಹಾಗೆ ಕಂಡರೆ ಸೀಲ್ ಸವೆದು ನೀರು ಒಳಗೆ ಬಂದಿದೆ. ಬರೀ ಆಯಿಲ್ ಬದಲಿಸಿ ಪ್ರಯೋಜನ ಇಲ್ಲ, ಸೀಲ್ ಬದಲಿಸಿ.

*ಟಿಲ್ಲರ್:* ಎಂಜಿನ್ ಆಯಿಲ್ ಬೇರೆ, ಗೇರ್ ಬಾಕ್ಸ್ ಆಯಿಲ್ ಬೇರೆ. ಯಾವ ದಪ್ಪ, ಎಷ್ಟು ಲೀಟರ್, ಎಷ್ಟು ಗಂಟೆಗೆ ಎನ್ನುವುದು ವಿಎಸ್‌ಟಿಗೆ ಒಂದು, ಕ್ಯಾಮ್ಕೋಗೆ ಒಂದು. ಕಂಪೆನಿ ಪುಸ್ತಕದ ಆ ಪುಟದ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಕೆಸರು ಗದ್ದೆಯಲ್ಲಿ ಓಡಿಸಿದ ಮೇಲೆ ಗೇರ್ ಬಾಕ್ಸಿನ ಆಯಿಲ್ ನೋಡಲೇಬೇಕು. ಚಕ್ರದ ಅಚ್ಚಿನ ಸೀಲ್ ಸವೆದಿದ್ದರೆ ಕೆಸರು ನೀರು ನೇರ ಗೇರಿಗೆ. ಬೋಟಿನ ಗೇರ್ ಬಾಕ್ಸಿಗೆ ಉಪ್ಪು ನೀರು ಹೋದ ಕಥೆಯೇ ಇದು. ಗಾಳಿ ಸೋಸುವ ಬಟ್ಟಲಿನಲ್ಲಿ ಆಯಿಲ್ ಇರುವ ಮಾದರಿಯಾದರೆ ಅದರ ತಳದ ಕೆಸರನ್ನೂ ತೊಳೆದು ಹೊಸ ಆಯಿಲ್ ಹಾಕಿ.

ಮಾಡುವ ಕ್ರಮ ಕಷ್ಟದ್ದಲ್ಲ. ಸಮತಟ್ಟು ಜಾಗದಲ್ಲಿ ಐದು ನಿಮಿಷ ಓಡಿಸಿ ಬಿಸಿ ಮಾಡಿ, ನಿಲ್ಲಿಸಿ, ಕೆಳಗಿನ ಬೋಲ್ಟ್ ತೆಗೆಯಿರಿ. ಬಿಸಿ ಆಯಿಲ್ ತಳದ ಗಸಿಯನ್ನೂ ಎಳೆದುಕೊಂಡು ಬರುತ್ತದೆ. ಪೂರ್ತಿ ತೊಟ್ಟಿಕ್ಕಿ ನಿಲ್ಲುವವರೆಗೆ ಕಾಯಿರಿ. ವಾಷರ್ ನೋಡಿ, ಬೋಲ್ಟ್ ಬಿಗಿ ಮಾಡಿ, ಗೆರೆಯವರೆಗೆ ಮಾತ್ರ ಹಾಕಿ. ಹೆಚ್ಚು ಹಾಕಿದರೆ ಒಳ್ಳೆಯದು ಎಂದೇನೂ ಇಲ್ಲ. ನೊರೆ ಬರುತ್ತದೆ, ಸೀಲ್ ಹೊಡೆಯುತ್ತದೆ. ಎರಡು ನಿಮಿಷ ಓಡಿಸಿ ನಿಲ್ಲಿಸಿ ಮತ್ತೆ ಗೆರೆ ನೋಡಿ. ಕೊನೆಗೆ ಟ್ಯಾಂಕಿನ ಮೇಲೆ ತಾರೀಕು ಬರೆಯಿರಿ.

"ಇಷ್ಟೆಲ್ಲ ಯಾರು ಮಾಡ್ತಾರೆ?"

ಇದಕ್ಕೆ ಬರುವ ಮಾತುಗಳು ನನಗೆ ಗೊತ್ತುಂಟು. ಮೊದಲನೆಯದು, ಆಯಿಲ್ ದುಬಾರಿ. ಒಳ್ಳೆಯ ಎಂಜಿನ್ ಆಯಿಲಿಗೆ ಬ್ರಾಂಡ್ ನೋಡಿ ಲೀಟರಿಗೆ ನಾನೂರು ರೂಪಾಯಿಯ ಆಸುಪಾಸು. ಹುಲ್ಲಿನ ಮಿಶನಿಗೆ 100 ಮಿ.ಲೀ. ಎಂದರೆ ನಲವತ್ತು–ಐವತ್ತು ರೂಪಾಯಿ. ಹತ್ತು ದಿನದ ಕೆಲಸಕ್ಕೆ ಹಂಚಿದರೆ ದಿನಕ್ಕೆ ಒಂದು ಅರ್ಧ ಚಹಾದ ದುಡ್ಡು. ಅದನ್ನು ಉಳಿಸಲು ಲೂಸಿನಲ್ಲಿ ಸಿಗುವ, ಎಲ್ಲಿಂದ ಬಂತು ಎಂದು ಗೊತ್ತಿಲ್ಲದ ಆಯಿಲ್ ಹಾಕುವುದು ಲಾಭದ ಲೆಕ್ಕ ಅಲ್ಲ.

ಎರಡನೆಯದು, ಕಡಿಮೆ ಆದಷ್ಟು ಹಾಕುತ್ತಾ ಹೋದರೆ ಸಾಕಲ್ಲವೇ? ಸಾಲದು. ಕೊಳಕು ನೀರಿನ ಬಕೆಟಿಗೆ ಒಂದು ಚೊಂಬು ಒಳ್ಳೆ ನೀರು ಹಾಕಿದರೆ ಬಕೆಟು ಶುದ್ಧ ಆಗುವುದಿಲ್ಲ. ಅದಲ್ಲದೆ ಆಯಿಲ್ ಮತ್ತೆ ಮತ್ತೆ ಕಡಿಮೆ ಆಗುತ್ತಿದ್ದರೆ ಅದು ಸೋರುತ್ತಿದೆ ಅಥವಾ ಉರಿಯುತ್ತಿದೆ. ಅದನ್ನು ಮೊದಲು ಹುಡುಕಬೇಕು.

ಮೂರನೆಯದು, ಇದು ನನ್ನನ್ನೇ ಕೇಳುವುದು: "ನೀವು ಸಾವಯವದವರು, ನಿಮಗೆ ಎಂಜಿನ್ ಆಯಿಲಿನ ಉಸಾಬರಿ ಯಾಕೆ?" ಕಳೆನಾಶಕ ಹೊಡೆಯದವನಿಗೆ ಹುಲ್ಲಿನ ಮಿಶನ್ ಬೇರೆಯವರಿಗಿಂತ ಹೆಚ್ಚು ಬೇಕು. ಅದು ನಿಂತರೆ ನನ್ನ ಇಡೀ ಪದ್ಧತಿ ನಿಲ್ಲುತ್ತದೆ. ಎರಡನೆಯ ಕಾರಣ ಇನ್ನೂ ದೊಡ್ಡದು, ಅದೇ ಮುಂದಿನ ವಿಷಯ.

ಹಳೆ ಆಯಿಲ್ ಎಲ್ಲಿಗೆ?

ತೆಗೆದ ಕರಿ ಆಯಿಲ್ ನಮ್ಮಲ್ಲಿ ಹೆಚ್ಚಾಗಿ ಹೋಗುವುದು ಶೆಡ್ಡಿನ ಹಿಂದಿನ ಮಣ್ಣಿಗೆ. ಇಲ್ಲದಿದ್ದರೆ ಗೆದ್ದಲು ಬಾರದ ಹಾಗೆ ಬೇಲಿ ಕಂಬಕ್ಕೆ, ಸೊಳ್ಳೆ ಆಗದ ಹಾಗೆ ನಿಂತ ನೀರಿಗೆ, ಸೆಂಟ್ರಿಂಗ್ ಶೀಟಿಗೆ. ಬಳಸಿದ ಆಯಿಲಿನಲ್ಲಿ ಸವೆದ ಲೋಹದ ಪುಡಿ, ಇಂಧನ ಅರೆಬರೆ ಉರಿದಾಗ ಹುಟ್ಟುವ ವಿಷವಸ್ತುಗಳು ಇರುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಮಣ್ಣಿಗೆ ಬಿದ್ದರೆ ನೀರು, ಗಾಳಿ ಒಳಗೆ ಇಳಿಯಲು ಬಿಡುವುದಿಲ್ಲ, ಎರೆಹುಳ ಆ ಕಡೆ ಸುಳಿಯುವುದಿಲ್ಲ. ಮಳೆ ಬಂದಾಗ ಅದು ತೋಡಿಗೆ ಇಳಿಯುತ್ತದೆ. ಬೆಳ್ತಂಗಡಿ, ಬಂಟ್ವಾಳದ ತೋಡುಗಳಲ್ಲಿ ಬಹಳಷ್ಟು ಸೇರುವುದು ನೇತ್ರಾವತಿಗೆ. ಬಿ.ಸಿ.ರೋಡ್ ದಾಟಿ ಸ್ವಲ್ಪ ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು; ಮಂಗಳೂರು ಕುಡಿಯುವುದು ಆ ನೀರನ್ನೇ. ನಮ್ಮ ಬಾವಿ ಅದಕ್ಕಿಂತಲೂ ಹತ್ತಿರ.

ಕಾನೂನಿನ ಕಣ್ಣಿನಲ್ಲೂ ಇದು ಕಸ ಅಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಸೇರಿದೆ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಕಂಪೆನಿಗಳಿಗೂ ಬಳಸಿದ ಆಯಿಲಿನ ಮರುಬಳಕೆಯ ಜವಾಬ್ದಾರಿ ಬಂದಿದೆ. ಶುದ್ಧ ಮಾಡಿ ಮತ್ತೆ ಆಯಿಲ್ ಮಾಡಬಹುದಾದ ವಸ್ತು ಅದು.

ಮನೆಯಲ್ಲಿ ಮಾಡಬಹುದಾದ್ದು ಸುಲಭ. ಮುಚ್ಚಳ ಇರುವ ಐದು ಲೀಟರಿನ ಕ್ಯಾನು ಒಂದು, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಹಳೆ ಆಯಿಲ್'. ಅದಕ್ಕೆ ನೀರು, ಪೆಟ್ರೋಲು, ಮದ್ದು ಏನೂ ಬೆರೆಸಬಾರದು. ತುಂಬಿದ ಮೇಲೆ ನಿಮ್ಮ ಬೈಕು, ಕಾರು ಸರ್ವಿಸ್ ಮಾಡುವ ಕಡೆ ಕೇಳಿ. ಅಂಥ ಕಡೆ ಡ್ರಮ್ಮಿನಲ್ಲಿ ಸಂಗ್ರಹಿಸಿ ಅನುಮತಿ ಇರುವವರಿಗೆ ಕೊಡುವ ವ್ಯವಸ್ಥೆ ಇದೆಯೇ ಎಂದು ಕೇಳಿಯೇ ಕೊಡಿ. ಬೇಲಿ ಕಂಬಕ್ಕೆ ಬೇಕಾದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಮೂಡುಬಿದಿರೆ, ಕಾರ್ಕಳ ಕಡೆ ಗೇರುಬೀಜದ ಫ್ಯಾಕ್ಟರಿಗಳಿವೆ, ನಮ್ಮ ಹಿರಿಯರು ದೋಣಿಗೂ ಮರಕ್ಕೂ ಬಳಿಯುತ್ತಿದ್ದದ್ದು ಅದನ್ನೇ. ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ.

ನಾವು ಕೇಳಬೇಕಾದ್ದು

ಮಿಶನ್ ಕೊಳ್ಳಲು ಸಹಾಯಧನ ಉಂಟು. ಕೊಂಡ ಮಿಶನನ್ನು ಹತ್ತು ವರ್ಷ ಬಾಳಿಸುವುದು ಹೇಗೆ ಎಂದು ಕಲಿಸಲು ಅಷ್ಟೇ ಉತ್ಸಾಹ ಕಾಣುವುದಿಲ್ಲ. ಸಹಾಯಧನದ ಅರ್ಜಿಯ ಜತೆಗೆ ಅರ್ಧ ದಿನದ ತರಬೇತಿ ಕಡ್ಡಾಯ ಮಾಡಿದರೆ ತಪ್ಪೇನು? ಸರ್ಕಾರದ ದುಡ್ಡು ಎರಡು ಮಳೆಗಾಲಕ್ಕೆ ಗುಜರಿಗೆ ಹೋಗುವುದಕ್ಕಿಂತ ಅದು ವಾಸಿ. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳಿಂದ ಮಿಶನ್ ತರುವಾಗ ಗಂಟೆ ಮತ್ತು ಆಯಿಲ್ ಬರೆದ ಪುಸ್ತಕ ತೋರಿಸಿ ಎಂದು ನಾವೂ ಕೇಳಬೇಕು. ಹತ್ತು ಕೈ ಬದಲಾಗುವ ಮಿಶನಿಗೆ ಪುಸ್ತಕವೇ ಯಜಮಾನ.

ಹಳೆ ಆಯಿಲಿಗೆ ನನ್ನ ಬೇಡಿಕೆ ನಮ್ಮ ಊರಿನ ಸೊಸೈಟಿಗಳಿಗೆ. ಗೊಬ್ಬರ, ಮೈಲುತುತ್ತು ಕೊಡುವ ಗೋದಾಮಿನ ಹೊರಗೆ ಮುಚ್ಚಿದ ಡ್ರಮ್ಮು ಒಂದು ಇಡಲಿ. ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡಲಿ. ಒಬ್ಬನ ಒಂದು ಲೀಟರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ಊರಿನ ಇನ್ನೂರು ಲೀಟರಿಗೆ ಬರುತ್ತಾರೆ. ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಕೇಳಲು ನಿಮಗೂ ಹಕ್ಕಿದೆ.

ಅದಕ್ಕಿಂತ ಮೊದಲು ಈ ಭಾನುವಾರ ಒಂದು ಕೆಲಸ ಮಾಡಿ. ಶೆಡ್ಡಿನಲ್ಲಿರುವ ಒಂದೊಂದು ಎಂಜಿನಿನ ಡಿಪ್ ಸ್ಟಿಕ್ ತೆಗೆದು ಬಿಳಿ ಕಾಗದದ ಮೇಲೆ ಒರೆಸಿ ಫೋಟೊ ತೆಗೆಯಿರಿ. ಕಡಿಮೆ ಇದೆಯೇ, ಬೆಳ್ಳಗಿದೆಯೇ, ಪೆಟ್ರೋಲಿನ ವಾಸನೆ ಇದೆಯೇ, ಬೆರಳಿಗೆ ಮರಳಿನ ಹಾಗೆ ಸಿಗುತ್ತದೆಯೇ ನೋಡಿ. ಕೊನೆಯ ಬಾರಿ ಬದಲಿಸಿದ ದಿನ ನೆನಪಾಗದ ಎಂಜಿನ್ ಯಾವುದೋ, ಅದಕ್ಕೆ ಮೊದಲ ಸರದಿ.